ಹೆಪ್ಪು, ಹಿಟ್ಟು, ಉಳಿದ ಅನ್ನ: ಮನೆಯ ಸೂಕ್ಷ್ಮಜೀವಿಗಳನ್ನು ಸಾಕುವುದು ಹೇಗೆ, ತಡೆಯುವುದು ಹೇಗೆ

ರಾತ್ರಿ ಹತ್ತು ಗಂಟೆಗೆ ನಮ್ಮ ಅಡುಗೆಮನೆ ಕಟ್ಟೆ ಮೇಲೆ ಸಾಮಾನ್ಯವಾಗಿ ಮೂರು ಪಾತ್ರೆ ಇರುತ್ತವೆ. ಒಂದರಲ್ಲಿ ಹೆಪ್ಪು ಹಾಕಿದ ಹಾಲು. ಇನ್ನೊಂದರಲ್ಲಿ ರುಬ್ಬಿಟ್ಟ ಇಡ್ಲಿ ಹಿಟ್ಟು. ಮೂರನೆಯದರಲ್ಲಿ ಊಟವಾಗಿ ಉಳಿದ ಅನ್ನ. ಬೆಳಿಗ್ಗೆ ಏಳುವಷ್ಟರಲ್ಲಿ ಮೂರರಲ್ಲೂ ಬ್ಯಾಕ್ಟೀರಿಯಾ ಕೋಟಿಗಟ್ಟಲೆ ಹೆಚ್ಚಿರಬಹುದು. ಮೊದಲಿನ ಎರಡನ್ನು ಮಕ್ಕಳಿಗೆ ಧೈರ್ಯವಾಗಿ ಬಡಿಸುತ್ತೇವೆ. ಮೂರನೆಯದನ್ನು ಹಾಗೇ ಬಡಿಸಿದರೆ ಆಸ್ಪತ್ರೆಗೆ ಓಡಬೇಕಾಗಬಹುದು.

ಅದೇ ಕಟ್ಟೆ, ಅದೇ ರಾತ್ರಿ, ಅದೇ ಸೆಕೆ. ವ್ಯತ್ಯಾಸ ಎಲ್ಲಿಂದ ಬಂತು? ಮೊಸರಿನಲ್ಲೂ ಹಿಟ್ಟಿನಲ್ಲೂ ಹುಳಿ ಮಾಡುವ ಬ್ಯಾಕ್ಟೀರಿಯಾ ಮೊದಲೇ ಜಾಗ ಹಿಡಿದುಬಿಡುತ್ತವೆ. ಅವು ಬಿಡುವ ಆಮ್ಲದಲ್ಲಿ ರೋಗ ತರುವ ಹೆಚ್ಚಿನ ಬ್ಯಾಕ್ಟೀರಿಯಾ ಬೆಳೆಯಲಾರವು. ಅನ್ನಕ್ಕೆ ಆ ಕಾವಲು ಇಲ್ಲ. ಮೊದಲು ಯಾರು ಎದ್ದರೋ ಅವರದೇ ರಾಜ್ಯ. ಮನೆಯಲ್ಲಿ ಸೂಕ್ಷ್ಮಜೀವಿಗಳ ಜೊತೆ ಬದುಕುವ ವಿದ್ಯೆಯೆಲ್ಲ ಇಷ್ಟರಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ಬೇಕಾದವರನ್ನು ಮೊದಲು ಒಳಗೆ ಬಿಡಬೇಕು, ಬೇಡದವರಿಗೆ ಹೊತ್ತು ಸಿಗದ ಹಾಗೆ ನೋಡಿಕೊಳ್ಳಬೇಕು. ಅದನ್ನು ಹೇಗೆ ಮಾಡುವುದು ಅಂತ ಒಂದೊಂದಾಗಿ ಹೇಳುತ್ತೇನೆ.

ಮೊದಲು ಇಷ್ಟು ತಿಳಿದಿರಲಿ

ಸೂಕ್ಷ್ಮಜೀವಿ ಅಂದರೆ ಒಂದೇ ಜಾತಿಯಲ್ಲ. ಬ್ಯಾಕ್ಟೀರಿಯಾ ಇವೆ. ಶಿಲೀಂಧ್ರಗಳಿವೆ; ಬ್ರೆಡ್ ಉಬ್ಬಿಸುವ ಯೀಸ್ಟ್ ಮತ್ತು ಅದೇ ಬ್ರೆಡ್ ಮೇಲೆ ಬರುವ ಬೂಷ್ಟು ಎರಡೂ ಈ ಗುಂಪಿನವೇ. ಆಮಶಂಕೆ ತರುವ ಅಮೀಬಾದಂಥ ಏಕಕೋಶ ಜೀವಿಗಳಿವೆ. ವೈರಸ್ ಬೇರೆಯೇ ಲೆಕ್ಕ. ಅದು ಅನ್ನದಲ್ಲೋ ಹಾಲಿನಲ್ಲೋ ಬೆಳೆಯುವುದಿಲ್ಲ. ಬೆಳೆಯಲು ಅದಕ್ಕೆ ಇನ್ನೊಂದು ಜೀವಕೋಶವೇ ಬೇಕು. ಈ ವ್ಯತ್ಯಾಸ ಮುಂದೆ ಮಾತ್ರೆಗಳ ವಿಷಯ ಬಂದಾಗ ಬೇಕಾಗುತ್ತದೆ.

ಬ್ಯಾಕ್ಟೀರಿಯಾ ಬೆಳೆಯಲು ನೀರು, ಆಹಾರ, ಬಿಸುಪು ಮತ್ತು ಹೊತ್ತು ಬೇಕು. 5 ಡಿಗ್ರಿ ಸೆಲ್ಸಿಯಸ್‌ನಿಂದ 60 ಡಿಗ್ರಿವರೆಗಿನ ಬಿಸುಪಿನಲ್ಲಿ ಅವು ಚುರುಕಾಗಿರುತ್ತವೆ. ನಮ್ಮ ಅಡುಗೆಮನೆ ವರ್ಷವಿಡೀ ಇದರ ನಡುವೆಯೇ ಇರುತ್ತದೆ. ಎಲ್ಲ ಅನುಕೂಲವಾದಾಗ ಕೆಲವು ಬ್ಯಾಕ್ಟೀರಿಯಾ 20 ನಿಮಿಷಕ್ಕೊಮ್ಮೆ ಎರಡಾಗುತ್ತವೆ. ಸುಮ್ನೆ ಲೆಕ್ಕ ಹಾಕಿ ನೋಡಿ. ಒಂದು ಇದ್ದದ್ದು ಒಂದು ಗಂಟೆಗೆ 8, ಎರಡು ಗಂಟೆಗೆ 64, ಆರು ಗಂಟೆಗೆ 2,62,144. ಅದಕ್ಕೇ "ಸಂಜೆ ಫ್ರಿಜ್‌ಗೆ ಇಟ್ಟರಾಯ್ತು" ಅನ್ನುವ ಮಾತು ನನಗೆ ಭಯ ಹುಟ್ಟಿಸುತ್ತದೆ. ಫ್ರಿಜ್ ಅವುಗಳನ್ನು ಕೊಲ್ಲುವುದಿಲ್ಲ, ನಿಧಾನ ಮಾಡುತ್ತದೆ ಅಷ್ಟೇ. ಸಂಜೆ ಹೊತ್ತಿಗೆ ಆಗಬೇಕಾದ್ದು ಆಗಿಹೋಗಿರುತ್ತದೆ.

ಅವುಗಳನ್ನು ತಡೆಯುವ ಉಪಾಯಗಳು ನಮ್ಮ ಅಜ್ಜಿಯರಿಗೆ ಗೊತ್ತಿದ್ದವೇ. ಹುಳಿ, ಉಪ್ಪು, ಒಣಗಿಸುವುದು, ಚೆನ್ನಾಗಿ ಬೇಯಿಸುವುದು.

ಮೊಸರು: ಒಳ್ಳೆಯವರನ್ನು ಸಾಕುವ ಮೊದಲ ಪಾಠ

ಹಾಲು ಚೆನ್ನಾಗಿ ಕಾಯಿಸಿ. ಪ್ಯಾಕೆಟ್ ಹಾಲು ಪಾಶ್ಚರೀಕರಿಸಿ (ರೋಗಾಣು ಸಾಯುವಷ್ಟು ಬಿಸಿ ಮಾಡಿ, ತಣಿಸಿ) ಬಂದಿರುತ್ತದೆ, ಆದರೂ ಮೊಸರಿಗೆ ಕಾಯಿಸಲೇಬೇಕು. ಎರಡು ಕಾರಣ ಇದೆ. ಉಳಿದಿರುವ ಬೇರೆ ಬ್ಯಾಕ್ಟೀರಿಯಾ ಕಡಿಮೆಯಾಗಿ ಹೆಪ್ಪಿನವುಗಳಿಗೆ ಜಾಗ ಖಾಲಿ ಸಿಗುತ್ತದೆ. ಜೊತೆಗೆ ಹಾಲಿನ ಪ್ರೋಟೀನ್ ಸ್ವಲ್ಪ ಬದಲಾಗಿ ಮೊಸರು ಗಟ್ಟಿಯಾಗಿ ಬರುತ್ತದೆ. ಕುದಿ ಬಂದ ಮೇಲೆ ಉರಿ ಸಣ್ಣ ಮಾಡಿ ಐದು ನಿಮಿಷ ಬಿಟ್ಟರೆ ಇನ್ನೂ ಚೆನ್ನ.

ಆಮೇಲೆ ಆರಲು ಬಿಡಿ. ಎಷ್ಟು ಆರಬೇಕು ಅನ್ನುವುದರಲ್ಲೇ ಹೆಚ್ಚಿನವರು ಎಡವುತ್ತಾರೆ. ಉಗುರು ಬೆಚ್ಚಗೆ ಅಂತೀವಲ್ಲ, ಅದು ಸುಮಾರು 40ರಿಂದ 43 ಡಿಗ್ರಿ. ಹಾಲಿಗೆ ಬೆರಳು ಅದ್ದಿ ನೋಡಬೇಡಿ. ಶುಭ್ರ ಚಮಚದಲ್ಲಿ ಸ್ವಲ್ಪ ತೆಗೆದು ಮಣಿಕಟ್ಟಿನ ಒಳಬದಿಗೆ ಎರಡು ಹನಿ ಬಿಟ್ಟುಕೊಳ್ಳಿ. ಬೆಚ್ಚಗೆ ಅನಿಸಬೇಕು, ಚುರ್ ಅನ್ನಬಾರದು. ಬಿಸಿ ಜಾಸ್ತಿ ಇದ್ದರೆ ಹೆಪ್ಪಿನ ಬ್ಯಾಕ್ಟೀರಿಯಾ ಸಾಯುತ್ತವೆ. ತೀರಾ ಆರಿದ್ದರೆ ಅವು ಏಳುವುದೇ ತಡ. ಆ ತಡದಲ್ಲಿ ಬೇರೆಯವು ನುಗ್ಗುತ್ತವೆ.

ಅರ್ಧ ಲೀಟರ್ ಹಾಲಿಗೆ ಒಂದು ಟೀ ಚಮಚ ಹೆಪ್ಪು ಸಾಕು. ಬೇಸಿಗೆಯಲ್ಲಿ ಅರ್ಧ ಚಮಚ. ಹೆಪ್ಪನ್ನು ಮೊದಲು ಪಾತ್ರೆಯ ತಳಕ್ಕೆ ಹಚ್ಚಿ, ಹಾಲು ಸುರಿದು, ಒಮ್ಮೆ ಮೆಲ್ಲಗೆ ಕದಡಿ. ಹೆಪ್ಪು ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಅಂತ ಅಂದುಕೊಳ್ಳುತ್ತಾರೆ. ಆಗುವುದು ಬೇರೆ. ಹುಳಿ ಬೇಗ ಏರುತ್ತದೆ, ನೀರು ಬಿಟ್ಟುಕೊಳ್ಳುತ್ತದೆ, ರುಚಿ ಕೆಡುತ್ತದೆ.

ಇನ್ನು ಪಾತ್ರೆಯನ್ನು ಅಲುಗಾಡಿಸಬೇಡಿ. ಒಳಗೆ ಏನಾಗುತ್ತಿದೆ ಗೊತ್ತಾ? ಮುಖ್ಯವಾಗಿ ಎರಡು ಬಗೆಯವು ಕೆಲಸ ಮಾಡುತ್ತಿರುತ್ತವೆ: ಸ್ಟ್ರೆಪ್ಟೋಕಾಕಸ್ ಥರ್ಮೋಫಿಲಸ್ ಮತ್ತು ಲ್ಯಾಕ್ಟೋಬ್ಯಾಸಿಲಸ್ ಬಲ್ಗೇರಿಕಸ್. ಮನೆ ಮೊಸರಿನಲ್ಲಿ ಇವುಗಳ ಜೊತೆ ಇನ್ನೂ ಕೆಲವು ಸೇರಿರುತ್ತವೆ. ಒಂದು ಬಿಡುವ ಪದಾರ್ಥ ಇನ್ನೊಂದಕ್ಕೆ ಆಹಾರ. ಒಟ್ಟಿಗಿದ್ದಾಗ ಎರಡೂ ಬೇಗ ಬೆಳೆಯುತ್ತವೆ. ಹಾಲಿನ ಸಕ್ಕರೆಯನ್ನು ತಿಂದು ಲ್ಯಾಕ್ಟಿಕ್ ಆಮ್ಲ ಮಾಡುತ್ತವೆ. ಪಿಎಚ್ ಅಂದರೆ ಹುಳಿಯ ಅಳತೆ, ಹುಳಿ ಏರಿದಷ್ಟೂ ಅದು ಇಳಿಯುತ್ತದೆ. ಅದು 4.6ರ ಹತ್ತಿರ ಬಂದಾಗ ಕೇಸೀನ್ ಅನ್ನುವ ಪ್ರೋಟೀನ್ ಒಂದಕ್ಕೊಂದು ಅಂಟಿ ಬಲೆ ಕಟ್ಟುತ್ತದೆ. ಆ ಬಲೆಯೇ ಮೊಸರು. ಅಲುಗಾಡಿಸಿದರೆ ಬಲೆ ಹರಿಯುತ್ತದೆ.

ಬೇಸಿಗೆಯಲ್ಲಿ 4ರಿಂದ 6 ಗಂಟೆ, ಚಳಿಗಾಲದಲ್ಲಿ 8ರಿಂದ 10 ಗಂಟೆ ಬೇಕು. ಮಡಿಕೇರಿ, ಚಿಕ್ಕಮಗಳೂರು ಕಡೆಯವರು ಪಾತ್ರೆಗೆ ಟವೆಲ್ ಸುತ್ತಿ ಅಕ್ಕಿ ಡಬ್ಬದೊಳಗೆ ಇಡಬಹುದು. ಅಮೆರಿಕ, ಜರ್ಮನಿಯಲ್ಲಿರುವ ನಮ್ಮವರು ಓವನ್ ಆರಿಸಿ, ಒಳಗಿನ ದೀಪ ಮಾತ್ರ ಹಾಕಿ ಇಡುತ್ತಾರೆ. ಆ ದೀಪದ ಶಾಖವೇ ಸಾಕಾಗುತ್ತದೆ. ಪಾತ್ರೆ ಸ್ವಲ್ಪ ವಾಲಿಸಿದಾಗ ಮೊಸರು ಅಂಚಿನಿಂದ ಒಂದೇ ಗಡ್ಡೆಯಾಗಿ ಸರಿದರೆ ಆಯ್ತು ಅಂತ ಅರ್ಥ. ತಕ್ಷಣ ಫ್ರಿಜ್‌ಗೆ ಇಡಿ, ಇಲ್ಲವಾದರೆ ಹುಳಿ ಏರುತ್ತಲೇ ಇರುತ್ತದೆ.

ಮರುದಿನದ ಹೆಪ್ಪನ್ನು ಮೊದಲೇ ತೆಗೆದಿಡಿ. ಎಲ್ಲರ ಚಮಚ ಬಿದ್ದ ಮೇಲೆ ತಳದಲ್ಲಿ ಉಳಿದದ್ದು ಹೆಪ್ಪಿಗೆ ಆಗದು. ಮೊಸರು ಲೋಳೆ ಲೋಳೆಯಾಗಿ ನೂಲು ಎಳೆದ ಹಾಗೆ ಬರುತ್ತಿದ್ದರೆ ಹೆಪ್ಪಿನಲ್ಲಿ ಬೇರೆ ಬಗೆಯವು ಹೆಚ್ಚಿವೆ ಅಂತ ತಿಳಿಯಿರಿ. ಅದು ಹೆಚ್ಚಾಗಿ ವಿಷವಲ್ಲ. ಆದರೆ ಹೊಸ ಹೆಪ್ಪು ತರುವುದು ಒಳ್ಳೆಯದು. ಗುಲಾಬಿ, ಕಿತ್ತಳೆ, ಹಸಿರು ಬಣ್ಣದ ಚುಕ್ಕೆ ಕಂಡರೆ ಮಾತ್ರ ಮೇಲಿನ ಪದರ ತೆಗೆದು ತಿನ್ನುವ ಯೋಚನೆ ಬೇಡ. ಪೂರ್ತಿ ಚೆಲ್ಲಿ.

ಇಡ್ಲಿ, ದೋಸೆ ಹಿಟ್ಟು: ಇಲ್ಲಿ ಹೆಪ್ಪು ಯಾರೂ ಹಾಕುವುದಿಲ್ಲ

ಮೊಸರಿಗೆ ಹೆಪ್ಪು ಬೇಕು. ಹಿಟ್ಟಿಗೆ ಯಾಕೆ ಬೇಡ? ಉದ್ದಿನಬೇಳೆ ಮೇಲೇ ಅವು ಇರುತ್ತವೆ. ಲ್ಯೂಕೊನಾಸ್ಟಾಕ್ ಅನ್ನುವ ಬ್ಯಾಕ್ಟೀರಿಯಾ ಅದರಲ್ಲಿ ಮುಖ್ಯ. ಅದು ಆಮ್ಲವನ್ನೂ ಮಾಡುತ್ತದೆ, ಇಂಗಾಲದ ಡೈಆಕ್ಸೈಡ್ ಅನಿಲವನ್ನೂ ಬಿಡುತ್ತದೆ. ಹುಳಿ ಮತ್ತು ಉಬ್ಬು ಎರಡೂ ಅದರ ಕೆಲಸ. ಆದ್ದರಿಂದ ಬೇಳೆಯನ್ನು ಎರಡು ಮೂರು ಸಲ ತೊಳೆದರೆ ಸಾಕು. ಒಳ್ಳೆಯ ಬೇಳೆಯನ್ನು ಬಿಸಿ ನೀರಿನಲ್ಲಿ ತಿಕ್ಕಿ ತಿಕ್ಕಿ ತೊಳೆಯುವವರ ಹಿಟ್ಟು ಉಬ್ಬದಿದ್ದರೆ ಆಶ್ಚರ್ಯವಿಲ್ಲ.

ಅಳತೆ ಹೀಗೆ: ಇಡ್ಲಿಗೆ ಒಂದು ಲೋಟ ಉದ್ದಿನಬೇಳೆಗೆ ಎರಡು ಲೋಟ ಇಡ್ಲಿ ರವೆ. ದೋಸೆಗೆ ಒಂದಕ್ಕೆ ಮೂರು ಅಕ್ಕಿ, ಒಂದು ಚಮಚ ಮೆಂತ್ಯ. 4ರಿಂದ 6 ಗಂಟೆ ನೆನೆಸಿ. ಮಿಕ್ಸಿಯಲ್ಲಿ ರುಬ್ಬುವುದಾದರೆ ತಣ್ಣೀರು ಹಾಕಿ, ಮಧ್ಯೆ ಮಧ್ಯೆ ನಿಲ್ಲಿಸಿ. ಮಿಕ್ಸಿ ಜಾರ್ ಮುಟ್ಟಿದರೆ ಬಿಸಿ ಆಗಿರುತ್ತಲ್ಲ, ಆ ಬಿಸಿ ಹಿಟ್ಟಿಗೆ ಒಳ್ಳೆಯದಲ್ಲ. ಉದ್ದಿನ ಹಿಟ್ಟನ್ನು ಒಂದು ಬಟ್ಟಲು ನೀರಿಗೆ ಹನಿಸಿ ನೋಡಿ. ಹನಿ ತೇಲಿದರೆ ಹದ ಬಂದಿದೆ. ಉದ್ದಿನ ಪ್ರೋಟೀನ್ ಮತ್ತು ಅದರ ಲೋಳೆ ಸೇರಿ ಅನಿಲದ ಗುಳ್ಳೆಗಳನ್ನು ಹಿಡಿದಿಡುತ್ತವೆ. ಬರೀ ಅಕ್ಕಿ ಹಿಟ್ಟು ಹುಳಿ ಬರುತ್ತದೆ, ಆದರೆ ಹೀಗೆ ಉಬ್ಬುವುದಿಲ್ಲ.

ಪಾತ್ರೆಯ ಅರ್ಧದವರೆಗೆ ಮಾತ್ರ ತುಂಬಿಸಿ. 28ರಿಂದ 32 ಡಿಗ್ರಿ ಇದ್ದರೆ 8ರಿಂದ 12 ಗಂಟೆಯಲ್ಲಿ ಹಿಟ್ಟು ಹುದುಗುತ್ತದೆ. ಉಪ್ಪು ಯಾವಾಗ ಹಾಕಬೇಕು ಅನ್ನುವ ಜಗಳ ಪ್ರತಿ ಮನೆಯಲ್ಲೂ ಇದೆ. ಉಪ್ಪು ಹುದುಗುವ ವೇಗವನ್ನು ಸ್ವಲ್ಪ ತಗ್ಗಿಸುತ್ತದೆ. ಮಂಗಳೂರಿನ ಏಪ್ರಿಲ್ ಸೆಕೆಯಲ್ಲಿ ರಾತ್ರಿಯೇ ಹಾಕಿ, ಬೆಂಗಳೂರಿನ ಡಿಸೆಂಬರ್ ಚಳಿಯಲ್ಲಿ ಬೆಳಿಗ್ಗೆ ಹಾಕಿ. ಇಬ್ಬರು ಅತ್ತೆಯರೂ ಅವರವರ ಊರಿಗೆ ಸರಿಯೇ.

ಬೆಳಿಗ್ಗೆ ಮುಚ್ಚಳ ತೆಗೆದು, ಕಲಕುವ ಮುಂಚೆ ಒಂದು ಕೆಲಸ ಮಾಡಿ. ಪಾತ್ರೆಗೆ ಕಿವಿ ಹತ್ತಿರ ಹಿಡಿಯಿರಿ. ಸಣ್ಣಗೆ ಚಿಟ್ ಚಿಟ್ ಅನ್ನುವ ಸದ್ದು ಕೇಳಿಸುತ್ತದೆ. ಗುಳ್ಳೆಗಳು ಒಡೆಯುವ ಸದ್ದು ಅದು. ನಮ್ಮ ಅಮ್ಮ ಅದನ್ನು "ಹಿಟ್ಟು ಮಾತಾಡ್ತಿದೆ" ಅನ್ನುತ್ತಿದ್ದರು. ಸೌಟು ಹಾಕಿ ಎತ್ತಿದರೆ ಒಳಗೆಲ್ಲ ಜೇನುಗೂಡಿನ ಹಾಗೆ ತೂತು. ಇಂಥ ಹಿಟ್ಟಿಗೆ ಸೋಡಾ ಬೇಕಾಗಿಲ್ಲ. ಇಡ್ಲಿಗೆ ಜೋರಾಗಿ ಕಲಕಿ ಗುಳ್ಳೆ ಒಡೆಯಬೇಡಿ.

ಹುದುಗಿದ ಮೇಲೆ ಫ್ರಿಜ್. ಮೂರು ನಾಲ್ಕು ದಿನದೊಳಗೆ ಮುಗಿಸಿ. ಬರೀ ಹುಳಿ ಜಾಸ್ತಿಯಾಗಿದ್ದರೆ ಈರುಳ್ಳಿ ಹಾಕಿ ಪಡ್ಡು ಮಾಡಿ. ಮೇಲೆ ಕಪ್ಪು, ಗುಲಾಬಿ ಚುಕ್ಕೆ ಬಂದಿದ್ದರೆ ಚೆಲ್ಲಿ. ರಾಗಿ ಅಂಬಲಿ ಹುಳಿ ಬರಿಸುವುದರಲ್ಲೂ ಇದೇ ತತ್ವ. ಹಿಂದಿನ ದಿನದ ಅಂಬಲಿ ಒಂದು ಸೌಟು ಬೆರೆಸಿದರೆ ಅದೇ ಹೆಪ್ಪು.

ಉಳಿದ ಅನ್ನ: ಇಲ್ಲಿ ಹುಷಾರು

ನಮ್ಮ ಮನೆಯ ಗೃಹಪ್ರವೇಶದ ದಿನ ಮಧ್ಯಾಹ್ನ ದೊಡ್ಡ ಪಾತ್ರೆಯಲ್ಲಿ ಅರ್ಧದಷ್ಟು ಬಿಳಿ ಅನ್ನ ಉಳಿಯಿತು. ಮುಚ್ಚಿಟ್ಟೆವು. ರಾತ್ರಿ ಎಂಟಕ್ಕೆ ಮುಚ್ಚಳ ತೆಗೆದಾಗ ನಡುಭಾಗ ಇನ್ನೂ ಬೆಚ್ಚಗಿತ್ತು. "ನೋಡು, ಇನ್ನೂ ಬಿಸಿ ಇದೆ, ಏನೂ ಆಗಿಲ್ಲ" ಅಂತ ನಾನೇ ಹೇಳಿದೆ. ಹಳಸಿದ ವಾಸನೆ ಇರಲಿಲ್ಲ. ಅಂಟು ಇರಲಿಲ್ಲ. ಚೆನ್ನಾಗಿ ಹುರಿದು ಒಗ್ಗರಣೆ ಅನ್ನ ಮಾಡಿದೆ. ಹನ್ನೊಂದು ಗಂಟೆ ಹೊತ್ತಿಗೆ ತಿಂದ ಏಳು ಜನರಲ್ಲಿ ಐವರಿಗೆ ವಾಂತಿ ಶುರುವಾಯಿತು. ನನ್ನ ತಂಗಿಯ ಮಗನಿಗೆ ಆಗ ನಾಲ್ಕು ವರ್ಷ. ಅವನ ತಲೆ ಹಿಡಿದುಕೊಂಡು ಬಚ್ಚಲಲ್ಲಿ ಕೂತ ಆ ರಾತ್ರಿ ಇವತ್ತಿಗೂ ಕಣ್ಣಮುಂದೆ ಇದೆ.

"ಚೆನ್ನಾಗಿ ಬಿಸಿ ಮಾಡಿದ್ದೆನಲ್ಲ ಡಾಕ್ಟ್ರೇ" ಅಂತ ಕೇಳಿದೆ. ಡಾಕ್ಟರು ತಾಳ್ಮೆಯಿಂದ ಹೇಳಿದ್ದು ಇದು. ಅಕ್ಕಿಯಲ್ಲಿ ಬ್ಯಾಸಿಲಸ್ ಸೀರಿಯಸ್ ಅನ್ನುವ ಬ್ಯಾಕ್ಟೀರಿಯಾದ ಬೀಜಕಗಳು ಇರುವುದು ಸಾಮಾನ್ಯ. ಅದು ಮಣ್ಣಿನಲ್ಲಿರುವ ಜೀವಿ. ಬೀಜಕ ಅಂದರೆ ಗಟ್ಟಿ ಕವಚದೊಳಗೆ ನಿದ್ದೆ ಮಾಡುವ ಸ್ಥಿತಿ. ಅನ್ನ ಬೆಂದರೂ ಅದು ಸಾಯುವುದಿಲ್ಲ. ಅನ್ನ ಆರುತ್ತಾ ಬೆಚ್ಚಗೆ ಉಳಿದಾಗ ಎಚ್ಚರವಾಗುತ್ತದೆ, ಬೆಳೆಯುತ್ತದೆ, ವಿಷ ಬಿಡುತ್ತದೆ. ವಾಂತಿ ತರುವ ಆ ವಿಷ ಮತ್ತೆ ಬಿಸಿ ಮಾಡಿದರೆ ಹೋಗುವಂಥದ್ದಲ್ಲ. ತಿಂದ 1ರಿಂದ 6 ಗಂಟೆಯೊಳಗೆ ವಾಂತಿ ಬರುತ್ತದೆ. ನಾನು ಒಳ್ಳೆಯ ಗುರುತು ಅಂದುಕೊಂಡಿದ್ದ ಆ ಬೆಚ್ಚನೆಯ ನಡುಭಾಗವೇ ಅಪಾಯದ ಜಾಗವಾಗಿತ್ತು.

ಈಗ ನಮ್ಮ ಮನೆಯಲ್ಲಿ ಹೀಗೆ ಮಾಡುತ್ತೇವೆ. ಊಟವಾದ ತಕ್ಷಣ ಉಳಿದ ಅನ್ನವನ್ನು ಅಗಲ ತಟ್ಟೆಗೆ ತೆಳ್ಳಗೆ ಹರಡುತ್ತೇವೆ. ಹಬೆ ಹೋದ ಮೇಲೆ ಅಗಲ ಡಬ್ಬಕ್ಕೆ ಹಾಕಿ ಒಂದು ಗಂಟೆಯೊಳಗೆ ಫ್ರಿಜ್‌ಗೆ ಇಡುತ್ತೇವೆ. ಏನೇ ಆದರೂ ಎರಡು ಗಂಟೆ ದಾಟಬಾರದು. ಪೂರ್ತಿ ತಣ್ಣಗಾಗಲಿ ಅಂತ ಕಾಯಬೇಕಾಗಿಲ್ಲ. ಫ್ರಿಜ್ 5 ಡಿಗ್ರಿಗಿಂತ ಕೆಳಗಿರಲಿ. ಮರುದಿನವೇ ತಿಂದು ಮುಗಿಸಿ. ಬಿಸಿ ಮಾಡುವಾಗ ಎಲ್ಲ ಕಡೆ ಹಬೆ ಬರುವಷ್ಟು ಮಾಡಿ, ಅದೂ ಒಂದೇ ಸಲ. ಕಟ್ಟೆ ಮೇಲೆ ಇಡೀ ರಾತ್ರಿ ಉಳಿದ ಅನ್ನವನ್ನು ವಾಸನೆ ನೋಡಿ ತೀರ್ಮಾನ ಮಾಡಬೇಡಿ. ಈ ವಿಷಕ್ಕೆ ವಾಸನೆ ಇಲ್ಲ.

ಫ್ರಿಜ್ ಇಲ್ಲದಿದ್ದರೆ ಅಳತೆ ಮಾಡಿ ಬೇಯಿಸುವುದೇ ಸರಿಯಾದ ದಾರಿ. ಅನ್ನ ಆರಿದ ಕೂಡಲೇ ಹುಳಿ ಮಜ್ಜಿಗೆ ಬೆರೆಸಿಡುವ ಹಳೆಯ ಪದ್ಧತಿಯಲ್ಲಿ ಅರ್ಥವಿದೆ. ಪ್ರಯಾಣಕ್ಕೆ ಮೊಸರನ್ನ ಕಟ್ಟುವುದರಲ್ಲೂ ಅದೇ ಇದೆ. ಹುಳಿ ಮಾಡುವವರನ್ನು ನಾವೇ ಮೊದಲು ಒಳಗೆ ಕಳಿಸಿದ ಹಾಗಾಯ್ತು. ಇದರಿಂದ ಅಪಾಯ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಚಿಕ್ಕ ಮಕ್ಕಳಿಗೆ, ಬಸುರಿಯರಿಗೆ, ವಯಸ್ಸಾದವರಿಗೆ ತಂಗಳು ಕೊಡದಿರುವುದೇ ಮೇಲು.

ಹಸಿ ಕೋಳಿ, ಮಸಿಬಟ್ಟೆ

ಹಸಿ ಕೋಳಿ ಮಾಂಸವನ್ನು ನಲ್ಲಿ ಕೆಳಗೆ ಹಿಡಿದು ತೊಳೆಯುವ ಅಭ್ಯಾಸ ಬಿಡಿ. ಅದರ ಮೇಲಿರುವ ಸಾಲ್ಮೊನೆಲ್ಲಾದಂಥ ಬ್ಯಾಕ್ಟೀರಿಯಾ ನೀರಿನ ಸಣ್ಣ ಹನಿಗಳ ಜೊತೆ ಸಿಂಕಿಗೆ, ಪಕ್ಕದ ಕೊತ್ತಂಬರಿ ಸೊಪ್ಪಿಗೆ ಹಾರುತ್ತವೆ. ಅವುಗಳನ್ನು ಕೊಲ್ಲುವುದು ಬೇಯಿಸುವ ಬಿಸಿ. ಮೂಳೆ ಹತ್ತಿರದ ಮಾಂಸ 74 ಡಿಗ್ರಿ ಮುಟ್ಟಬೇಕು; ಅಲ್ಲಿ ಗುಲಾಬಿ ರಸ ಕಂಡರೆ ಇನ್ನೂ ಬೇಯಲಿ. ತೊಳೆಯಲೇಬೇಕಾದರೆ ಪಾತ್ರೆಯೊಳಗೆ ನೀರು ಹಾಕಿ ಮೆಲ್ಲಗೆ ತೊಳೆದು, ಆಮೇಲೆ ಸಿಂಕ್ ಉಜ್ಜಿ. ಮಾಂಸ ಹೆಚ್ಚುವ ಮಣೆ ಬೇರೆ, ತರಕಾರಿ ಮಣೆ ಬೇರೆ ಇರಲಿ.

ಅಡುಗೆಮನೆಯಲ್ಲಿ ಕೊಳಕು ಜಾಸ್ತಿ ಇರುವ ವಸ್ತು ಯಾವುದು? ಕಟ್ಟೆ ಒರೆಸುವ ಮಸಿಬಟ್ಟೆ ಮತ್ತು ಪಾತ್ರೆ ಉಜ್ಜುವ ಸ್ಪಾಂಜ್. ಯಾವಾಗಲೂ ಒದ್ದೆ, ಯಾವಾಗಲೂ ಅನ್ನದ ಅಗುಳು. ಮಸಿಬಟ್ಟೆಯನ್ನು ದಿನಾ ಸೋಪು ಹಾಕಿ ಒಗೆದು ಬಿಸಿಲಿಗೆ ಹಾಕಿ. ವಾರಕ್ಕೆರಡು ಸಲ ಹತ್ತು ನಿಮಿಷ ಕುದಿಸಿ. ಒಣಗಲು ಎರಡು ಬಟ್ಟೆ ಇಟ್ಟುಕೊಂಡರೆ ಸುಲಭ. ಸ್ಪಾಂಜ್‌ಗಿಂತ ತೆಂಗಿನ ನಾರು ಬೇಗ ಒಣಗುತ್ತದೆ, ಅದಕ್ಕೆ ನನ್ನ ಓಟು ನಾರಿಗೆ.

ಬೂಷ್ಟು ಮತ್ತು ಕಡಲೆಕಾಯಿ

ಬೂಷ್ಟು ಹಿಡಿದ ಬ್ರೆಡ್ಡಿನ ಒಂದು ಮೂಲೆ ಕಿತ್ತು ಉಳಿದದ್ದನ್ನು ತಿನ್ನುವವರಿದ್ದಾರೆ. ಹಸಿರಾಗಿ ಕಾಣುವುದು ಬೂಷ್ಟಿನ ಹೂವಿದ್ದ ಹಾಗೆ. ಅದರ ಬೇರಿನಂಥ ಎಳೆಗಳು ಒಳಗೆ ಎಷ್ಟು ದೂರ ಹೋಗಿವೆ ಅಂತ ಕಣ್ಣಿಗೆ ಕಾಣದು. ಪೂರ್ತಿ ಬಿಸಾಡಿ.

ಕಡಲೆಕಾಯಿ, ಮೆಕ್ಕೆಜೋಳದ ವಿಷಯ ಇನ್ನೂ ಗಂಭೀರ. ಆಸ್ಪರ್ಜಿಲಸ್ ಫ್ಲೇವಸ್ ಅನ್ನುವ ಶಿಲೀಂಧ್ರ ಇವುಗಳ ಮೇಲೆ ಬೆಳೆದಾಗ ಅಫ್ಲಾಟಾಕ್ಸಿನ್ ಅನ್ನುವ ವಿಷ ಬಿಡುತ್ತದೆ. ಹುರಿದರೂ ಬೇಯಿಸಿದರೂ ಅದು ಪೂರ್ತಿ ಹೋಗುವುದಿಲ್ಲ. ವರ್ಷಗಟ್ಟಲೆ ಸ್ವಲ್ಪ ಸ್ವಲ್ಪ ಹೊಟ್ಟೆಗೆ ಹೋದರೆ ಯಕೃತ್ತಿನ ಕ್ಯಾನ್ಸರ್ ತರಬಲ್ಲದು. ಒಮ್ಮೆಲೇ ಜಾಸ್ತಿ ಹೋದರೆ ಜೀವವೇ ಹೋಗಬಹುದು. 1974ರಲ್ಲಿ ರಾಜಸ್ಥಾನ, ಗುಜರಾತಿನ ಬುಡಕಟ್ಟು ಹಳ್ಳಿಗಳಲ್ಲಿ ಮಳೆಗೆ ನೆನೆದು ಬೂಷ್ಟು ಹಿಡಿದ ಮೆಕ್ಕೆಜೋಳ ತಿಂದು ನೂರಕ್ಕೂ ಹೆಚ್ಚು ಜನ ತೀರಿಕೊಂಡರು. ತಿನ್ನಲು ಬೇರೆ ಏನೂ ಇಲ್ಲದ ಬಡವರು ಅವರು.

ಕಡಲೆಬೀಜ ತಂದಾಗ ಮೊರಕ್ಕೆ ಹಾಕಿ ಆರಿಸಿ. ಸುಕ್ಕಾದದ್ದು, ಕಪ್ಪಾದದ್ದು, ಹಸಿರು ಪುಡಿ ಹಿಡಿದದ್ದು ತೆಗೆದುಹಾಕಿ. ಬಾಯಿಗೆ ಹಾಕಿದಾಗ ಕಹಿ ಬಂದರೆ ಉಗಿದುಬಿಡಿ, ನುಂಗಬೇಡಿ. ಕೆಟ್ಟದ್ದನ್ನು ಹಸುವಿಗೂ ಹಾಕಬೇಡಿ, ಆ ವಿಷ ಹಾಲಿಗೆ ಇಳಿಯುತ್ತದೆ. ಕೊಬ್ಬರಿಗೂ ಒಣಮೆಣಸಿನಕಾಯಿಗೂ ಇದೇ ಎಚ್ಚರ. ಮಳೆಗಾಲದ ಮುಂಚೆ ಬಿಸಿಲಿಗೆ ಹಾಕಿ, ಪೂರ್ತಿ ಆರಿದ ಮೇಲೆ ಗಾಳಿಯಾಡದ ಡಬ್ಬಕ್ಕೆ ತುಂಬಿ. ಬಿಸಿ ಇರುವಾಗಲೇ ತುಂಬಿದರೆ ಮುಚ್ಚಳದ ಒಳಗೆ ಬೆವರುತ್ತದೆ. ಆ ಬೆವರೇ ಬೂಷ್ಟಿಗೆ ನೀರು.

ಉಪ್ಪಿನಕಾಯಿ

ಮಲೆನಾಡಿನ ಮಿಡಿ ಉಪ್ಪಿನಕಾಯಿ ವರ್ಷಗಟ್ಟಲೆ ಇರುವುದು ಉಪ್ಪಿನಿಂದ. ಮಿಡಿಗೆ ಕಲ್ಲುಪ್ಪು ಹಾಕಿಟ್ಟರೆ ಉಪ್ಪು ಒಳಗಿನ ನೀರನ್ನು ಎಳೆಯುತ್ತದೆ, ಮಿಡಿ ಸುಕ್ಕಾಗುತ್ತದೆ. ಬ್ಯಾಕ್ಟೀರಿಯಾದ ಮೈಯಿಂದಲೂ ಉಪ್ಪು ಹೀಗೇ ನೀರು ಎಳೆಯುತ್ತದೆ. ಆರೋಗ್ಯಕ್ಕೆ ಅಂತ ಉಪ್ಪನ್ನು ಅರ್ಧ ಮಾಡಬೇಡಿ. ಬೇಕಾದರೆ ಉಪ್ಪಿನಕಾಯಿಯನ್ನೇ ಕಡಿಮೆ ತಿನ್ನಿ. ಮಿಡಿ ಯಾವಾಗಲೂ ರಸದಲ್ಲಿ ಮುಳುಗಿರಲಿ. ಒದ್ದೆ ಸೌಟು ಹಾಕಬೇಡಿ.

ಒಂದು ಮಾತು ಮಾತ್ರ ಒತ್ತಿ ಹೇಳಬೇಕು. ಹುಳಿ ಇಲ್ಲದೆ, ಬರೀ ಎಣ್ಣೆಯಲ್ಲಿ ಹಸಿ ಬೆಳ್ಳುಳ್ಳಿ ಮುಳುಗಿಸಿ ಹೊರಗಡೆ ಇಡಬೇಡಿ. ಗಾಳಿ ಇಲ್ಲದ ಜಾಗದಲ್ಲಿ ಬೆಳೆಯುವ ಕ್ಲಾಸ್ಟ್ರಿಡಿಯಂ ಬಾಟುಲಿನಮ್ ನರಗಳನ್ನೇ ಕಟ್ಟಿಹಾಕುವ ವಿಷ ಮಾಡುತ್ತದೆ. ಪಿಎಚ್ 4.6ಕ್ಕಿಂತ ಕೆಳಗಿನ ಹುಳಿಯಲ್ಲಿ ಅದು ಬೆಳೆಯದು. ಹಾಗಾಗಿ ನಿಂಬೆರಸ, ಹುಣಸೆ, ವಿನೆಗರ್ ಧಾರಾಳವಾಗಿರಲಿ. ಒಂದು ವರ್ಷದೊಳಗಿನ ಮಗುವಿಗೆ ಜೇನು ನೆಕ್ಕಿಸಬಾರದು ಅನ್ನುವುದೂ ಇದೇ ಜೀವಿಯ ಬೀಜಕಗಳ ಕಾರಣಕ್ಕೆ. ಮನೆಯ ಹಿರಿಯರಿಗೆ ಇದನ್ನು ಪ್ರೀತಿಯಿಂದ ತಿಳಿಸಿ.

ನೀರು, ಕೈ, ಭೇದಿ

ಕುಡಿಯುವ ನೀರು ಕೊತಕೊತ ಕುದಿಯಲು ಶುರುವಾದ ಮೇಲೆ ಒಂದು ನಿಮಿಷ ಸಾಕು. ಬೆಚ್ಚಗಾದರೆ ಸಾಲದು. ಅದೇ ಪಾತ್ರೆಯಲ್ಲಿ ಮುಚ್ಚಿ ಆರಿಸಿ. ಲೋಟ ಮುಳುಗಿಸಿ ತೆಗೆಯುವ ಬದಲು ಉದ್ದ ಹಿಡಿಯ ಸೌಟು ಇಡಿ. ಕುದಿಸಿದ ನೀರು ಕೆಡುವುದು ಹೆಚ್ಚಾಗಿ ನಮ್ಮ ಬೆರಳಿನಿಂದಲೇ. ಕೋಲಾರ, ಚಿಕ್ಕಬಳ್ಳಾಪುರ ಕಡೆಯ ಕೊಳವೆಬಾವಿ ನೀರಿನ ಫ್ಲೋರೈಡ್ ಮಾತ್ರ ಕುದಿಸಿದರೆ ಹೋಗುವುದಿಲ್ಲ, ಅದಕ್ಕೆ ಬೇರೆ ಫಿಲ್ಟರ್ ಬೇಕು. ಸಂಪು, ಮೇಲಿನ ಟ್ಯಾಂಕು ತೊಳೆದು ಎಷ್ಟು ತಿಂಗಳಾಯ್ತು ಅಂತ ಇವತ್ತೇ ಒಮ್ಮೆ ಇಣುಕಿ ನೋಡಿ.

ಕೈಗೆ ಸೋಪು ಹಾಕಿ 20 ಸೆಕೆಂಡ್ ಉಜ್ಜಿ. ಬೆರಳ ಸಂದಿ, ಉಗುರಿನ ಕೆಳಗೆ, ಹೆಬ್ಬೆರಳ ಬುಡ ಮರೆಯಬೇಡಿ. ಶೌಚದ ನಂತರ, ಮಗುವಿನ ಕಕ್ಕ ತೊಳೆದ ನಂತರ, ಅಡುಗೆಗೆ ಮುಂಚೆ, ಊಟಕ್ಕೆ ಮುಂಚೆ ತೊಳೆಯಲೇಬೇಕು. 1847ರಲ್ಲಿ ವಿಯೆನ್ನಾದ ಹೆರಿಗೆ ವಾರ್ಡಿನಲ್ಲಿ ಸೆಮ್ಮೆಲ್‌ವೈಸ್ ಅನ್ನುವ ವೈದ್ಯರು ಡಾಕ್ಟರುಗಳ ಕೈಯನ್ನು ಕ್ಲೋರಿನ್ ನೀರಿನಲ್ಲಿ ತೊಳೆಸಿದಾಗ ಬಾಣಂತಿಯರ ಸಾವು ಒಮ್ಮೆಲೇ ಇಳಿಯಿತು. ಸೂಕ್ಷ್ಮಜೀವಿಯಿಂದ ರೋಗ ಬರುತ್ತದೆ ಅಂತ ಆಗಿನ್ನೂ ಹೆಚ್ಚಿನವರು ಒಪ್ಪಿರಲಿಲ್ಲ.

ಇಷ್ಟಾದರೂ ಭೇದಿ ಬಂತು ಅಂದರೆ ಮೊದಲ ಕೆಲಸ ನೀರು, ಉಪ್ಪು ತುಂಬುವುದು. ಓಆರ್‌ಎಸ್ ಪೊಟ್ಟಣ ಇದ್ದರೆ ಅದರ ಮೇಲೆ ಬರೆದಷ್ಟೇ ನೀರಿಗೆ ಕದಡಿ. ಇಲ್ಲದಿದ್ದರೆ ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟ ಮಾಡಿದ 6 ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಹಾಕಿ. ಅಳತೆ ತಪ್ಪಬಾರದು, ಉಪ್ಪು ಹೆಚ್ಚಾದರೆ ಮಗುವಿಗೆ ಅಪಾಯ. ಸಕ್ಕರೆ ರುಚಿಗಲ್ಲ. ಕರುಳು ಸಕ್ಕರೆಯನ್ನು ಹೀರುವಾಗ ಉಪ್ಪನ್ನೂ ಜೊತೆಗೆ ಎಳೆದುಕೊಳ್ಳುತ್ತದೆ, ನೀರು ಹಿಂದೆಯೇ ಹೋಗುತ್ತದೆ. ಪ್ರತಿ ಸಲ ಭೇದಿಯಾದ ಮೇಲೂ ಗುಟುಕು ಗುಟುಕಾಗಿ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಚಮಚದಲ್ಲಿ ಮತ್ತೆ ಶುರು ಮಾಡಿ. 24 ಗಂಟೆ ಆದ ಮೇಲೆ ಉಳಿದದ್ದು ಚೆಲ್ಲಿ.

1971ರ ಬಾಂಗ್ಲಾ ಯುದ್ಧದ ಹೊತ್ತಿಗೆ ಪಶ್ಚಿಮ ಬಂಗಾಳದ ಬನಗಾಂವ್ ನಿರಾಶ್ರಿತರ ಶಿಬಿರದಲ್ಲಿ ಕಾಲರಾ ಹಬ್ಬಿತು. ಸಲೈನ್ ಬಾಟಲಿಗಳು ಸಾಲದಾದಾಗ ಡಾ. ದಿಲೀಪ್ ಮಹಾಲನಬಿಸ್ ಇಂಥದ್ದೇ ಉಪ್ಪು ಸಕ್ಕರೆಯ ನೀರನ್ನು ಡ್ರಮ್ಮುಗಳಲ್ಲಿ ತುಂಬಿಸಿ, ರೋಗಿಗಳ ಮನೆಯವರ ಕೈಯಿಂದಲೇ ಕುಡಿಸಿದರು. ನೂರಕ್ಕೆ 30ರಷ್ಟಿದ್ದ ಸಾವು 4ಕ್ಕಿಂತ ಕೆಳಗೆ ಬಂತು. ಆ ಲೋಟ ಇವತ್ತು ನಮ್ಮ ಅಡುಗೆಮನೆಯಲ್ಲಿದೆ.

ಭೇದಿಯಲ್ಲಿ ರಕ್ತ ಕಂಡರೆ, ಕಣ್ಣು ಗುಳಿ ಬಿದ್ದರೆ, ಮಗು ಆರು ಗಂಟೆ ಮೂತ್ರ ಮಾಡದಿದ್ದರೆ, ಮಂಕಾಗಿ ಮಲಗಿದರೆ ಮನೆಮದ್ದು ಬಿಟ್ಟು ಆಸ್ಪತ್ರೆಗೆ ಹೊರಡಿ.

ಆ್ಯಂಟಿಬಯೋಟಿಕ್ ಮಾತ್ರೆ

ನೆಗಡಿ, ಫ್ಲೂ ವೈರಸ್‌ನಿಂದ ಬರುತ್ತವೆ. ಆ್ಯಂಟಿಬಯೋಟಿಕ್ ಕೊಲ್ಲುವುದು ಬ್ಯಾಕ್ಟೀರಿಯಾವನ್ನು. ನೆಗಡಿಗೆ ಅದನ್ನು ನುಂಗಿದರೆ ನೆಗಡಿಗೆ ಏನೂ ಆಗುವುದಿಲ್ಲ, ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ. ಬದುಕಿ ಉಳಿದವು ಔಷಧಿಗೆ ಬಗ್ಗದವು. 1928ರಲ್ಲಿ ಪೆನಿಸಿಲಿನ್ ಕಂಡುಹಿಡಿದ ಫ್ಲೆಮಿಂಗ್ ಅವರೇ 1945ರ ನೊಬೆಲ್ ಭಾಷಣದಲ್ಲಿ ಈ ಎಚ್ಚರಿಕೆ ಕೊಟ್ಟಿದ್ದರು. ಮೆಡಿಕಲ್ ಶಾಪಿನಲ್ಲಿ ಕೇಳಿ ಪಡೆಯಬೇಡಿ. ಹಳೆಯ ಚೀಟಿ ತೋರಿಸಿ ತರಬೇಡಿ. ಡಾಕ್ಟರು ಹೇಳಿದಷ್ಟು ದಿನ ತೆಗೆದುಕೊಳ್ಳಿ, ಉಳಿದ ಮಾತ್ರೆ ಪಕ್ಕದ ಮನೆಗೆ ಕೊಡಬೇಡಿ.

ಮಣ್ಣಿನವರು

ಚೆಲ್ಲಿ ಅಂತ ಇಷ್ಟು ಸಲ ಹೇಳಿದೆನಲ್ಲ, ಎಲ್ಲಿಗೆ ಚೆಲ್ಲುವುದು? ಗೊಬ್ಬರದ ಕುಂಡಕ್ಕೆ. ತಳದಲ್ಲಿ ತೂತಿರುವ ದೊಡ್ಡ ಕುಂಡ ಸಾಕು. ಒಂದು ಹಿಡಿ ಅಡುಗೆಮನೆ ಕಸಕ್ಕೆ ಎರಡು ಹಿಡಿ ಒಣ ಎಲೆ, ಮೇಲೆ ಸ್ವಲ್ಪ ಹುಳಿ ಮಜ್ಜಿಗೆ ಅಥವಾ ಹಳೆಯ ಗೊಬ್ಬರ. ಹಿಂಡಿದರೆ ಒಂದೆರಡು ಹನಿ ಬರುವಷ್ಟೇ ತೇವ ಇರಲಿ. ವಾರಕ್ಕೊಮ್ಮೆ ತಿರುವಿ ಹಾಕಿ. ಕೊಳೆತ ವಾಸನೆ ಬಂದರೆ ಗಾಳಿ ಸಾಲದು ಅಂತ ಅರ್ಥ, ಒಣ ಎಲೆ ಸೇರಿಸಿ. ಮೊದಲ ಮಳೆಯ ಮಣ್ಣಿನ ವಾಸನೆ ಬಂದಾಗ ಗೊಬ್ಬರ ಆಗಿದೆ. ಆ ವಾಸನೆಯನ್ನು ಮಾಡುವುದೂ ಮಣ್ಣಿನ ಬ್ಯಾಕ್ಟೀರಿಯಾವೇ.

ಮಣ್ಣು ತುಂಬಿದ ಇನ್ನೊಂದು ಕುಂಡದಲ್ಲಿ ನಾಲ್ಕು ಅಲಸಂದೆ ಬೀಜ ಹಾಕಿ. ಹೂ ಬಿಡುವ ಹೊತ್ತಿಗೆ ಒಂದು ಗಿಡವನ್ನು ಮಣ್ಣು ಸಡಿಲ ಮಾಡಿ ಮೆಲ್ಲಗೆ ಎತ್ತಿ, ಬೇರನ್ನು ನೀರಿನಲ್ಲಿ ಅದ್ದಿ. ರಾಗಿ ಕಾಳಿನಿಂದ ಮೆಣಸಿನ ಕಾಳಿನಷ್ಟು ಗಾತ್ರದ ಗಂಟುಗಳು ಕಾಣುತ್ತವೆ. ರೈಜೋಬಿಯಂ ಅನ್ನುವ ಬ್ಯಾಕ್ಟೀರಿಯಾದ ಮನೆಗಳು ಅವು. ಗಾಳಿಯ ಸಾರಜನಕವನ್ನು ಗಿಡಕ್ಕೆ ಗೊಬ್ಬರ ಮಾಡಿ ಕೊಡುತ್ತವೆ, ಗಿಡ ಅವುಗಳಿಗೆ ಸಕ್ಕರೆ ಕೊಡುತ್ತದೆ. ಒಂದು ಗಂಟನ್ನು ಉಗುರಿನಿಂದ ಸೀಳಿ ಮಕ್ಕಳಿಗೆ ತೋರಿಸಿ. ಒಳಗೆ ತಿಳಿ ಕೆಂಪು ಬಣ್ಣ ಇದ್ದರೆ ಕೆಲಸ ಜೋರಾಗಿ ನಡೆದಿದೆ. ನಮ್ಮ ರಕ್ತದ ಹಿಮೋಗ್ಲೋಬಿನ್‌ಗೆ ಹತ್ತಿರದ ಪದಾರ್ಥ ಅಲ್ಲಿದೆ, ಅದಕ್ಕೇ ಆ ಬಣ್ಣ. ಬಿಳಿ, ಹಸಿರು ಇದ್ದರೆ ಇನ್ನೂ ಶುರುವಾಗಿಲ್ಲ, ಇಲ್ಲವೇ ಮುಗಿದಿದೆ. ಉಳಿದ ಮೂರು ಗಿಡಗಳ ಕಾಯಿ ಬಿಡಿಸಿಕೊಂಡ ಮೇಲೆ ಗಿಡವನ್ನು ಕೀಳಬೇಡಿ. ಬುಡಕ್ಕೆ ಕತ್ತರಿಸಿ, ಬೇರು ಮಣ್ಣಿನಲ್ಲೇ ಇರಲಿ. ಅದೇ ಕುಂಡಕ್ಕೆ ಸೊಪ್ಪಿಗಾಗಿ ಮೆಂತ್ಯ ಕಾಳು ಬಿತ್ತಿ.